ಕಿವಿ ತುಂಬಿದ್ದು, ಕಿವಿಗೊಟ್ಟದ್ದು

(ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ ಗೆಳೆಯರು ತಿಂಗಳಿಗೊಮ್ಮೆ ಸೇರಿ ಸಂಗೀತದ ಬಗ್ಗೆ ಮಾತಾಡುತ್ತೇವೆ. ಅಲ್ಲಿ ನಾನು ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದದ್ದು ಇದು.)

ನಮಸ್ಕಾರ. ಆಮಂತ್ರಣದಲ್ಲಿ 'ಅಮೆರಿಕದ ಬ್ಯಾಂಡ್ ಸಂಗೀತ' ಅಂತ ಅಚ್ಚಾಗಿದೆ. ತಪ್ಪು ನನ್ನದೇ, ಫೋನಿನಲ್ಲಿ ಅವಸರಕ್ಕೆ ಹಾಗೆ ಹೇಳಿಬಿಟ್ಟೆ. ಆದರೆ ಈ ಹೆಸರು ಅಲ್ಲಿಯ ಅಭಿಮಾನಿಗಳ ಕಿವಿಗೆ ಬಿದ್ದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಬ್ಯಾಂಡ್ ಅಂದರೆ ಅವರಿಗೆ ಶಾಲೆ ಕಾಲೇಜಿನದು. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್ ಎಲ್ಲ ಇರುವಂಥದ್ದು. ನಾನು ಹೇಳಹೊರಟದ್ದು ಡ್ರಮ್ ಕೋರ್ ಬಗ್ಗೆ. 'ಕೋರ್' ಅಂತಲೇ ಅನ್ನಬೇಕು. ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೊಂದು ಪಿ ಇದೆ, ಒಂದು ಎಸ್ ಇದೆ, ಬಾಯಲ್ಲಿ ಎರಡೂ ಬರುವುದಿಲ್ಲ. ನಾನು ಮೊದಲ ಸಲ ಇದ್ದದ್ದನ್ನು ಇದ್ದ ಹಾಗೇ 'ಕಾರ್ಪ್ಸ್' ಅಂತ ಓದಿದೆ, ಅದು ಇಂಗ್ಲಿಷಿನಲ್ಲಿ ಹೆಣಕ್ಕೆ ಹೇಳುವ ಪದ; ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜನ ಹತ್ತಿರ "ಈ ಡ್ರಮ್ ಹೆಣ ದಿನಾ ಎಷ್ಟು ಹೊತ್ತಿಗೆ ಶುರುವಾಗುತ್ತದೆ?" ಅಂತ ಕೇಳಿದ ಹಾಗಾಗಿತ್ತು. ಪುಣ್ಯಾತ್ಮ, ನಗು ತಡೆದುಕೊಂಡು ಉತ್ತರ ಕೊಟ್ಟರು.

ಹಿತ್ತಾಳೆ ವಾದ್ಯ, ತಾಳವಾದ್ಯ, ಬಾವುಟ ಹಿಡಿದು ಕುಣಿಯುವ ಕಲರ್ ಗಾರ್ಡ್. ಇಷ್ಟೇ. ಕೊಳಲಿನ ಜಾತಿಯದ್ದಾಗಲಿ ರೀಡ್ ಇರುವಂಥದ್ದಾಗಲಿ ಒಂದೂ ಇಲ್ಲ. ಸುಮಾರು ನೂರೈವತ್ತು ಹುಡುಗ ಹುಡುಗಿಯರು ಅಮೆರಿಕನ್ ಫುಟ್‌ಬಾಲ್ ಮೈದಾನದ ಮೇಲೆ ಹನ್ನೊಂದು ಹನ್ನೆರಡು ನಿಮಿಷ, ನುಡಿಸುತ್ತಲೇ ನಡೆಯುತ್ತಾರೆ, ಓಡುತ್ತಾರೆ, ಹಿಮ್ಮುಖವಾಗಿ ಓಡುತ್ತಾರೆ. ಮೇಲಿನಿಂದ ನೋಡಿದರೆ ರಂಗೋಲಿಯೊಂದು ತನ್ನಷ್ಟಕ್ಕೆ ಅಳಿಸಿಕೊಂಡು ಬೇರೆ ರಂಗೋಲಿ ಆಗುತ್ತಿರುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ಬಸ್ಸುಗಳಲ್ಲಿ ಊರೂರು ಸುತ್ತಿ ಸ್ಪರ್ಧಿಸುತ್ತಾರೆ. ವಯಸ್ಸು ಇಪ್ಪತ್ತೆರಡು ಆಯಿತೋ, ಅದೇ ಕೊನೆಯ ಬೇಸಿಗೆ. ಎಷ್ಟೇ ದೊಡ್ಡ ಕಲಾವಿದನಾದರೂ ಮನೆಗೆ ಹೋಗಬೇಕು. ಇದನ್ನೆಲ್ಲ ನಡೆಸುವ ಸಂಸ್ಥೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಡಿಸಿಐ ಅಂತಾರೆ. ನೂರಕ್ಕೆ ಅಂಕ: ಒಟ್ಟು ಪರಿಣಾಮಕ್ಕೆ ನಲವತ್ತು, ನೋಟಕ್ಕೆ ಮೂವತ್ತು, ಸಂಗೀತಕ್ಕೆ ಮೂವತ್ತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ಜೋಡಾಟ ನೋಡಿದ್ದೀರಲ್ಲ? ಒಂದೇ ಗದ್ದೆ, ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಆಚೆಯ ಚೆಂಡೆ ಏರಿದರೆ ಈಚೆಯದು ಸುಮ್ಮನಿರುವುದಿಲ್ಲ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎರಡು ರಂಗಸ್ಥಳಗಳ ನಡುವೆ ರಾತ್ರಿಯಿಡೀ ಓಡಾಡಿದ್ದು ನೆನಪಿದೆ. ಬೆಳಗಿನ ಜಾವ ಮನೆಗೆ ಬಂದು ಮಲಗಿದರೂ ಕಿವಿಯೊಳಗೆ ಚೆಂಡೆ ನಿಂತಿರಲಿಲ್ಲ. ಆ ಕಿವಿಯನ್ನೇ ಹೊತ್ತುಕೊಂಡು ನಾನು 1998ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದದ್ದು.

ಗಂಡನಿಗೆ ಕೆಲಸ ಸಿಕ್ಕಿದ್ದು ಸಾಂತಾ ಕ್ಲಾರಾದಲ್ಲಿ. ಈಗ ಅಲ್ಲಿ ಮೂಲೆಮೂಲೆಯಲ್ಲೂ ಕನ್ನಡ ಕೇಳುತ್ತದೆ. ಆಗ ನನಗೆ ವೀಸಾ ಕಾರಣದಿಂದ ಕೆಲಸವಿಲ್ಲ, ಕಾರು ಓಡಿಸಲು ಬರುವುದಿಲ್ಲ, ಹಗಲೆಲ್ಲ ಮನೆ ಭಣಭಣ. ಅಂಥ ಒಂದು ಸಂಜೆ, ಅಡುಗೆಮನೆಯ ಕಿಟಕಿಯಿಂದ ಒಂದು ಸದ್ದು ಬಂತು. ದೂರದಲ್ಲಿ ಯಾರೋ ಒಣಗಿದ ಹುರುಳಿಯನ್ನು ತಗಡಿನ ಮೇಲೆ ಒಂದೇ ಸಮ ಸುರಿಯುತ್ತಿರುವ ಹಾಗೆ. ಸೌಟು ಅಲ್ಲೇ ಬಿಟ್ಟು, ಒಲೆ ಆರಿಸಿದೆನೋ ಇಲ್ಲವೋ, ಸದ್ದಿನ ಜಾಡು ಹಿಡಿದು ನಡೆದೆ. ಒಂದು ಶಾಲೆಯ ಹಿಂದಿನ ಕಾರು ನಿಲ್ಲಿಸುವ ಜಾಗ. ಎಂಟೊಂಬತ್ತು ಹುಡುಗರು ಸಾಲಾಗಿ ನಿಂತು ಸ್ನೇರ್ ಡ್ರಮ್ ಬಾರಿಸುತ್ತಿದ್ದರು. ಕೋಲುಗಳೆಲ್ಲ ಒಂದೇ ಎತ್ತರಕ್ಕೆ ಏಳುತ್ತವೆ, ಒಂದೇ ಎತ್ತರದಿಂದ ಬೀಳುತ್ತವೆ. ಕಣ್ಣು ಮುಚ್ಚಿದರೆ ಒಬ್ಬನೇ ಬಾರಿಸಿದ ಹಾಗೆ. ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಎಂಬ ಹೆಸರನ್ನು ನಾನು ಕೇಳಿದ್ದು ಅವತ್ತು.

ಆ ಡ್ರಮ್ಮಿನ ತಲೆಗೆ ಬಿಗಿದಿರುವುದು ಚರ್ಮವಲ್ಲ, ಕೆವ್ಲಾರ್ ನಾರಿನ ಹಾಳೆ. ಗುಂಡು ತಡೆಯುವ ಅಂಗಿಗೆ ಹಾಕುತ್ತಾರಲ್ಲ, ಅದೇ. ಎಷ್ಟು ಬಿಗಿ ಅಂದರೆ ಬೆರಳಲ್ಲಿ ತಟ್ಟಿದರೆ ಮೇಜು ತಟ್ಟಿದ ಹಾಗಾಗುತ್ತದೆ. ಬಾಸ್ ಡ್ರಮ್ ಐದು ಜನರದ್ದು, ಐದಕ್ಕೂ ಬೇರೆ ಬೇರೆ ಶ್ರುತಿ. ಒಂದು ಓಟವನ್ನು ಐದೂ ಜನ ಹಂಚಿಕೊಂಡು ಬಾರಿಸುತ್ತಾರೆ. ನಿನ್ನ ಪಾಲಿಗೆ ಒಂದೇ ಪೆಟ್ಟು, ಅದನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ಇಡೀ ಸಾಲು ಎಡವಿದ ಹಾಗೆ ಕೇಳುತ್ತದೆ. ಉಳಿದ ಹೆಚ್ಚಿನವರು ಕೈಬಿಟ್ಟಿದ್ದ ತಾಳದ ಸಾಲನ್ನು, ಅಂದರೆ ಸಿಂಬಲ್ ಹಿಡಿದವರ ಸಾಲನ್ನು, ವ್ಯಾನ್‌ಗಾರ್ಡ್ ಉಳಿಸಿಕೊಂಡಿತ್ತು. ಜಾಗಟೆ ಕೇಳಿ ಬೆಳೆದವಳಿಗೆ ಇನ್ನೇನು ಬೇಕು?

ಪಕ್ಕದ ಮನೆಯ ಅಜ್ಜ ಅಂದೆನಲ್ಲ, ಅವರು ಹರೆಯದಲ್ಲಿ ಸ್ವತಃ ಸ್ನೇರ್ ಬಾರಿಸಿದವರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ, ಪೂರ್ತಿ ವಿಡಿಯೊ ಕ್ಯಾಸೆಟ್. ನನ್ನ ಪಾಠಶಾಲೆ ಅದೇ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಊರೂರಲ್ಲಿ ಕಟ್ಟಿದ ಬ್ಯೂಗಲ್ ತಂಡಗಳು, ಅವುಗಳ ಸ್ಪರ್ಧೆ, ಆ ಸಂಘಗಳ ಕಟ್ಟುಪಾಡು ಬೇಡವೆಂದು ತಂಡಗಳ ನಿರ್ದೇಶಕರೇ ಸೇರಿ ಮಾಡಿಕೊಂಡದ್ದು ಡಿಸಿಐ. ಮೊದಲ ಫೈನಲ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಸಣ್ಣ ಊರಲ್ಲಿ. ಗೆದ್ದದ್ದು ಅನಹೈಮ್ ಕಿಂಗ್ಸ್‌ಮೆನ್. ವ್ಯಾನ್‌ಗಾರ್ಡನ್ನು 1967ರಲ್ಲಿ ಕಟ್ಟಿದವರು ಗೇಲ್ ರಾಯರ್ ಎಂಬ ಸಂಗೀತದ ಮೇಷ್ಟ್ರು. ಹೆಸರು ಕೇಳಿ, ಯಾರೋ ನಮ್ಮ ಉಡುಪಿ ಕಡೆಯ ರಾಯರು ಮೊದಲೇ ಬಂದು ಸೇರಿದ್ದಾರೆ ಅಂದುಕೊಂಡಿದ್ದೆ.

ಅಜ್ಜನ ಕಾಲದಲ್ಲಿ ತೀರ್ಪುಗಾರರು ಪಟ್ಟಿ ಹಿಡಿದುಕೊಂಡು ಮೈದಾನಕ್ಕೇ ಇಳಿಯುತ್ತಿದ್ದರಂತೆ. ಒಂದು ತಪ್ಪು ಕಂಡರೆ ಒಂದು ಗೀಟು, ಒಂದು ಗೀಟಿಗೆ ಒಂದು ಅಂಕದ ಹತ್ತನೇ ಒಂದು ಪಾಲು ಕಡಿತ. ಮದುವೆಮನೆಯಲ್ಲಿ ಹುಡುಗನ ಕಡೆಯ ಸೋದರತ್ತೆ ಓಡಾಡುವ ಹಾಗೆ ಅನ್ನಿ. 1983ರವರೆಗೆ ಹಾಗೆ ನಡೆಯಿತು. ಆಮೇಲೆ ಕಳೆಯುವ ಲೆಕ್ಕ ಹೋಗಿ ಕೂಡುವ ಲೆಕ್ಕ ಬಂತು. ತಂಡಗಳಿಗೆ ಧೈರ್ಯ ಬಂತು. ಇದನ್ನು ಅಜ್ಜ ಒಪ್ಪುತ್ತಿದ್ದರು. ಅದರ ನಂತರದ ಯಾವುದನ್ನೂ ಒಪ್ಪುತ್ತಿರಲಿಲ್ಲ. ಹಿಂದೆ ಜಿ ಶ್ರುತಿಯ ಬ್ಯೂಗಲ್ಲೇ ಆಗಬೇಕಿತ್ತು, 2000ದಲ್ಲಿ ಯಾವ ಶ್ರುತಿಯಾದರೂ ಸೈ ಅಂದರು. 2004ಕ್ಕೆ ಮೈಕು, 2009ಕ್ಕೆ ಸಿಂಥಸೈಸರ್. ಒಂದೊಂದು ಬದಲಾದಾಗಲೂ ಅಜ್ಜ ಇನ್ನು ಮುಂದೆ ನೋಡುವುದಿಲ್ಲ ಅಂತ ಆಣೆ ಹಾಕಿ, ಜೂನ್ ಬಂದ ಕೂಡಲೇ ಟಿಕೆಟ್ ತರುತ್ತಿದ್ದರು.

ಅವರು ತೋರಿಸಿದ ಕ್ಯಾಸೆಟ್ಟುಗಳಲ್ಲಿ ನನಗೆ ತಲೆಬುಡ ಹತ್ತದೇ ಹೋದದ್ದು ಒಂದು: ಸ್ಟಾರ್ ಆಫ್ ಇಂಡಿಯಾನಾ, 1993. ಬಿಲ್ ಕುಕ್ ಎಂಬ ಉದ್ಯಮಿ ಬ್ಲೂಮಿಂಗ್ಟನ್ನಿನಲ್ಲಿ ಹಣ ಹಾಕಿ ಕಟ್ಟಿದ ತಂಡ. 1985ರಲ್ಲಿ ಮೊದಲ ಸಲ ಸ್ಪರ್ಧಿಸಿ ಆ ವರ್ಷವೇ ಫೈನಲ್ ತಲುಪಿತು, 1991ರಲ್ಲಿ ಗೆದ್ದಿತು. ಎರಡೇ ವರ್ಷದ ಮೇಲೆ ಬಾರ್ಬರ್, ಬಾರ್ಟೋಕ್ ಅಂತ ಇಪ್ಪತ್ತನೆಯ ಶತಮಾನದ ಕಗ್ಗಂಟಿನ ಸಂಗೀತ ಎತ್ತಿಕೊಂಡು, ಗ್ರೀಕ್ ಪುರಾಣದಲ್ಲಿ ಸ್ವಂತ ಮಕ್ಕಳನ್ನೇ ಕೊಂದ ಮಿಡಿಯಾಳ ಕಥೆ ಇಟ್ಟುಕೊಂಡು ಬಂದರು. ಕಚ್ಚುವ ಸ್ವರಗಳು. ನಡುನಡುವೆ ಉಸಿರು ಬಿಗಿಹಿಡಿದಂಥ ಮೌನ. ಎದ್ದು ನಿಂತು ಚಪ್ಪಾಳೆ ಹೊಡೆಯಿರಿ ಅನ್ನುವ ಜಾಗವೇ ಇಲ್ಲ. ಆ ಬೇಸಿಗೆ ಕೆಲವು ಕಡೆ ಜನ ಕೂಗಿ ಅಣಕಿಸಿದ್ದರಂತೆ. ನಾನೂ ಅಲ್ಲಿದ್ದರೆ ಕೂಗುತ್ತಿದ್ದೆನೋ ಏನೋ. ಹತ್ತು ನಿಮಿಷಕ್ಕೆ ಸಾಕಾಯಿತು, ಚಕ್ಕುಲಿ ಡಬ್ಬ ಮುಚ್ಚಿ ಎದ್ದೆ. ಅಜ್ಜ ಕ್ಯಾಸೆಟ್ ತೆಗೆದು ಪೆಟ್ಟಿಗೆಗೆ ಹಾಕಿ, "ಆಮೇಲೆ ನೋಡುವೆಯಂತೆ" ಅಂದರು. ಆಮೇಲೆ ಅಂದರೆ ಎಷ್ಟು ವರ್ಷ ಅಂತ ಹೇಳಲಿಲ್ಲ.

ನನಗೆ ಆಗ ಬೇಕಿದ್ದದ್ದು ಸದ್ದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬರೀ ಸದ್ದು.

2007ರ ಆಗಸ್ಟ್‌ನಲ್ಲಿ ಫೈನಲ್ ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ನಡೆಯಿತು. ನಮ್ಮ ಮನೆಯಿಂದ ಆರು ತಾಸಿನ ದಾರಿ. ಅಷ್ಟು ಹೊತ್ತಿಗೆ ನಾನು ಕಾರು ಕಲಿತು, ಕೆಲಸಕ್ಕೂ ಸೇರಿ ಆಗಿತ್ತು. ಪುಳಿಯೋಗರೆ ಕಟ್ಟಿಕೊಂಡು ಅಜ್ಜನನ್ನೂ ಕೂರಿಸಿಕೊಂಡು ಹೊರಟೆ. ಟಿಕೆಟ್ ನಾನೇ ತೆಗೆದಿದ್ದೆ, ಜಂಭದಿಂದ, ಮುಂದಿನ ಸಾಲಿನದು. ಅಜ್ಜ ಅದನ್ನು ನೋಡಿ ಏನೂ ಅನ್ನಲಿಲ್ಲ. ಅಲ್ಲಿ ಹೋಗಿ ಕೂತ ಮೇಲೆ ಗೊತ್ತಾಯಿತು: ಮುಂದಿನ ಸಾಲಿನಿಂದ ಕಾಣುವುದು ಮುಂದೆ ನಿಂತವರ ಟೋಪಿಯ ಗರಿ ಮಾತ್ರ. ರಂಗೋಲಿ ಕಾಣಬೇಕಾದರೆ ಅಗ್ಗದ ಸೀಟು, ತೀರಾ ಮೇಲೆ, ಮೈದಾನದ ನಡುಗೆರೆಗೆ ನೇರ. ಆದರೆ ಆ ತಪ್ಪಿನಿಂದ ಒಂದು ಲಾಭವಾಯಿತು. ಎಪ್ಪತ್ತು ಎಂಬತ್ತು ಹಿತ್ತಾಳೆ ವಾದ್ಯಗಳು ಬೆನ್ನು ತಿರುಗಿಸಿ ದೂರ ಹೋಗುತ್ತಿದ್ದವು, ಒಮ್ಮೆಲೇ ನಮ್ಮ ಕಡೆ ತಿರುಗಿ ಬಾಯಿ ಎತ್ತಿ ಊದಿದವು. ಕೇಳಿದ್ದು ಕಿವಿಯಲ್ಲ, ಎದೆಗೂಡು. ಮುಖ ಕರಗಿಸುವ ಸದ್ದು ಅಂತಾರೆ ಅಭಿಮಾನಿಗಳು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ನನ್ನ ಮೊಣಕೈ ಹಿಡಿದುಕೊಂಡಿದ್ದಳು, ಬಿಟ್ಟದ್ದು ಯಾವಾಗ ಅಂತ ಇಬ್ಬರಿಗೂ ಗೊತ್ತಿಲ್ಲ.

ಆ ವರ್ಷ ಗೆದ್ದದ್ದು ಕಾಂಕರ್ಡ್ ಊರಿನ ಬ್ಲೂ ಡೆವಿಲ್ಸ್. ಕಾಂಕರ್ಡ್ ನಮ್ಮೂರಿಂದ ಗಂಟೆ ದಾರಿ. ಒಂದೇ ಕೊಲ್ಲಿಯ ಎರಡು ದಂಡೆ, ಎರಡು ಮೇಳ. 1999ರಲ್ಲಂತೂ ಎರಡೂ ತಂಡಕ್ಕೆ ಸರಿಸಮ 98.4 ಬಂದು ಪದಕ ಹಂಚಿಕೊಂಡಿದ್ದವು. ಬ್ಲೂ ಡೆವಿಲ್ಸ್ ಬುಟ್ಟಿಯಲ್ಲಿ ಈಗ ಇಪ್ಪತ್ತೊಂದು ಗೆಲುವಿದೆ, ವ್ಯಾನ್‌ಗಾರ್ಡಿಗೆ ಏಳು. ನಾನು ಯಾವ ಕಡೆ ಅಂತ ಕೇಳಬೇಡಿ. ಬ್ಲೂ ಡೆವಿಲ್ಸ್ ಅಭಿಮಾನಿಗಳು ಗೆಲುವನ್ನು ಹಾಲಿನವನು ಹಾಲು ತಂದ ಹಾಗೆ ಸ್ವೀಕರಿಸುತ್ತಾರೆ. ಅದು ನನಗೆ ಸೇರುವುದಿಲ್ಲ.

ಇನ್ನು ಈ ಹುಡುಗರ ದಿನಚರಿ. ಒಂದು ಬೇಸಿಗೆ ನಾನು ಒಂದು ತಂಡದ ಅಡುಗೆ ಲಾರಿಯಲ್ಲಿ ನಾಲ್ಕು ದಿನ ಸ್ವಯಂಸೇವೆಗೆ ಹೋಗಿದ್ದೆ. ಲಾರಿಯೇ ಅಡುಗೆಮನೆ. ದಿನಕ್ಕೆ ನಾಲ್ಕು ಹೊತ್ತು ಊಟ, ಹೊತ್ತಿಗೆ ಸುಮಾರು ಇನ್ನೂರು ತಟ್ಟೆ. ನನ್ನ ಪಾಲಿಗೆ ಬಂದದ್ದು ಈರುಳ್ಳಿ. ಲಾರಿಯ ಹಿಂಬಾಗಿಲಿನಿಂದ ಮೈದಾನ ಕಾಣುತ್ತಿತ್ತು. ಬಿಸಿಲು ಕಾದು ಹುಲ್ಲಿನ ಮೇಲೆ ಹಬೆ ಆಡುತ್ತಿದೆ, ಸ್ಪೀಕರಿನಿಂದ ಲಯಯಂತ್ರ ಟಕ್ ಟಕ್ ಅನ್ನುತ್ತಿದೆ, ಇವರು ಎಂಟು ಹೆಜ್ಜೆಯ ಒಂದು ತುಂಡನ್ನು ಮೂವತ್ತನೆಯ ಸಲ ಮಾಡುತ್ತಿದ್ದಾರೆ. ರಾತ್ರಿ ಮಲಗುವುದು ಯಾವುದೋ ಶಾಲೆಯ ಜಿಮ್ಮಿನ ನೆಲದ ಮೇಲೆ. ಊಟದ ಸಾಲಿನಲ್ಲಿ ಬರುವಾಗ ಹತ್ತಿರದಿಂದ ನೋಡಿದೆ. ಡ್ರಮ್ಮಿನವರ ಬೆರಳಿಗೆ ಸುತ್ತಿದ ಟೇಪು ಕಪ್ಪಾಗಿದೆ. ಟ್ರಂಪೆಟ್ಟಿನವರ ತುಟಿಯ ಮೇಲೆ ಉಂಗುರದ ಗುರುತು. ಒಬ್ಬ ಹುಡುಗಿಯ ಕೊರಳಲ್ಲಿ ದಾರ ಕಟ್ಟಿದ ಪುಟ್ಟ ಪುಸ್ತಕ ತೂಗಾಡುತ್ತಿತ್ತು. ಕೇಳಿದ್ದಕ್ಕೆ ತೆರೆದು ತೋರಿಸಿದಳು. ಡಾಟ್ ಬುಕ್. ಇಷ್ಟನೆಯ ಆಕೃತಿಯಲ್ಲಿ, ನಲವತ್ತು ಗಜದ ಗೆರೆಯಿಂದ ಮೂರು ಹೆಜ್ಜೆ ಹೊರಗೆ, ಮುಂದಿನ ಗುರುತಿನಿಂದ ಎರಡು ಹೆಜ್ಜೆ ಹಿಂದೆ. ಹೀಗೆ ಪುಟಗಟ್ಟಲೆ, ಪೆನ್ಸಿಲ್ಲಿನಲ್ಲಿ, ಬೆವರಿಗೆ ಅಂಚು ಸುರುಟಿಕೊಂಡದ್ದು. ಐದು ಗಜಕ್ಕೆ ಎಂಟು ಹೆಜ್ಜೆ, ಇದು ಅವರ ಅಳತೆಗೋಲು. ಸೀಟಿನಿಂದ ನಾನು ನೋಡುವ ರಂಗೋಲಿ, ಅವಳಿಗೆ ಅವಳದೊಂದೇ ಚುಕ್ಕಿ. ಪೂರ್ತಿ ಚಿತ್ರವನ್ನು ಅವಳು ನೋಡುವುದು ಯಾವಾಗಲಾದರೂ ವಿಡಿಯೊದಲ್ಲಿ.

ಅವಳೇ ಇನ್ನೊಂದು ವಿಷಯ ಹೇಳಿದಳು, ನನ್ನ ಕಿವಿಗೆ ಬೀಗ ತೆಗೆದದ್ದು ಅದು. ಮೈದಾನದ ಈ ತುದಿಯಿಂದ ಆ ತುದಿಗೆ ನೂರು ಗಜ, ಸುಮಾರು ತೊಂಬತ್ತು ಮೀಟರ್. ಶಬ್ದ ಅಷ್ಟು ದೂರ ಹೋಗಲು ಕಾಲು ಸೆಕೆಂಡ್ ಬೇಕು. ತಾಳ ನಿಮಿಷಕ್ಕೆ ನೂರೆಂಬತ್ತರ ಮೇಲೆ ಓಡುತ್ತಿದ್ದರೆ ಕಾಲು ಸೆಕೆಂಡ್ ಅಂದರೆ ಹೆಚ್ಚುಕಡಿಮೆ ಒಂದು ಎಣಿಕೆಯೇ. ಅಂದರೆ, ಆಚೆ ತುದಿಯವನನ್ನು ಕೇಳಿಕೊಂಡು ನುಡಿಸಿದೆಯೋ, ಕೆಟ್ಟೆ. ಕಿವಿಗೆ ಸರಿ ಅನ್ನಿಸಿದ್ದು ಪ್ರೇಕ್ಷಕನಿಗೆ ತಪ್ಪಾಗಿ ತಲುಪುತ್ತದೆ. ಆದ್ದರಿಂದ ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಬೆನ್ನ ಹಿಂದಿನಿಂದ ಬಂದದ್ದನ್ನು ಕೇಳು, ಮುಂದಿನದನ್ನು ಕೇಳಬೇಡ, ಉಳಿದದ್ದಕ್ಕೆ, ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರಿನ ಕೈ ನೋಡು. ನನ್ನ ಅಷ್ಟು ವರ್ಷದ ಹುಚ್ಚಿನಲ್ಲಿ, ಈ ಗದ್ದಲದೊಳಗಿರುವವರು ಇಷ್ಟೊಂದು ಕೇಳಿಸಿಕೊಳ್ಳುತ್ತಿದ್ದಾರೆ, ಬೇಕೆಂದೇ ಕೇಳಿಸಿಕೊಳ್ಳದೆಯೂ ಇದ್ದಾರೆ ಅನ್ನುವುದು ಹೊಳೆದೇ ಇರಲಿಲ್ಲ.

2008ರ ಫೈನಲ್ ಬ್ಲೂಮಿಂಗ್ಟನ್ನಿನಲ್ಲಿ. ಇಂಡಿಯಾನಾಪೊಲಿಸಿನ ಹೊಸ ಕ್ರೀಡಾಂಗಣದಲ್ಲಿ ಆಗಬೇಕಿತ್ತು, ಕಟ್ಟಿ ಮುಗಿದಿರಲಿಲ್ಲ. ನನಗದು ಪುಣ್ಯವೇ ಆಯಿತು. ಬಯಲು, ಮೇಲೆ ಆಕಾಶ, ಸಂಜೆಯ ಗಾಳಿ. ಆ ಬೇಸಿಗೆಯುದ್ದಕ್ಕೂ ಬ್ಲೂ ಡೆವಿಲ್ಸೇ ಗೆಲ್ಲುವುದು ಅಂತ ಎಲ್ಲರ ಲೆಕ್ಕ. ಇಲಿನಾಯ್ ರಾಜ್ಯದ ರಾಕ್‌ಫರ್ಡಿನಿಂದ ಬಂದ ಫ್ಯಾಂಟಮ್ ರೆಜಿಮೆಂಟಿನದು 'ಸ್ಪಾರ್ಟಕಸ್', ರೋಮಿನ ವಿರುದ್ಧ ದಂಗೆಯೆದ್ದ ಗುಲಾಮನ ಕಥೆ, ಖಚಟೂರಿಯನ್ನನ ಬ್ಯಾಲೆ ಸಂಗೀತವೂ ಅದರಲ್ಲಿತ್ತು. ಕೊನೆಕೊನೆಗೆ ಮೈದಾನದಿಂದ ಒಬ್ಬ ಕೂಗಿದ, ನಾನೇ ಸ್ಪಾರ್ಟಕಸ್ ಅಂತ. ಇನ್ನೊಬ್ಬ ಕೂಗಿದ. ಆಮೇಲೆ ಇಡೀ ತಂಡ. ಮೈಕಿಲ್ಲದ ಬರಿ ಗಂಟಲು, ಓಡಿ ಓಡಿ ಉಸಿರು ಸಾಲದ ಗಂಟಲು. ನಾನು ಎದ್ದು ನಿಂತು ಏನೋ ಅರಚಿದೆ, ಕನ್ನಡದಲ್ಲಿ ಅಂತ ಆಮೇಲೆ ಅಜ್ಜ ಹೇಳಿದರು.

ಅಂಕ ಓದುವಾಗ ಎಲ್ಲ ತಂಡಗಳೂ ಮೈದಾನದಲ್ಲಿ ನಿಂತಿರುತ್ತವೆ, ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಎರಡನೆಯ ಸ್ಥಾನ, ಬ್ಲೂ ಡೆವಿಲ್ಸ್, 98.100. ಫ್ಯಾಂಟಮ್‌ಗೆ 98.125. ವ್ಯತ್ಯಾಸ 0.025. ಚಿನ್ನದಂಗಡಿಯ ತಕ್ಕಡಿಗೂ ಕಷ್ಟವಾಗುವ ತೂಕ ಅದು. ಒಂದು ವಿಭಾಗಕ್ಕೆ ಇಬ್ಬರು ಮೂವರು ತೀರ್ಪುಗಾರರನ್ನು ಕೂರಿಸಿ ಸರಾಸರಿ ತೆಗೆಯುವುದರಿಂದ ಇಂಥ ಪುಡಿ ಉಳಿಯುತ್ತದೆ. ಎರಡೂ ತಂಡವನ್ನು ಅದೇ ರಾತ್ರಿ ಕಂಡ ನಾನು ಹೇಳುತ್ತೇನೆ: ನುಡಿಸಾಣಿಕೆಯಲ್ಲಿ ಬ್ಲೂ ಡೆವಿಲ್ಸ್ ಒಂದು ಕೈ ಮೇಲೇ. ಆದರೆ ಅವರ ಹೆಸರು ಹಿಡಿದು ನಾನು ಅರಚಲಿಲ್ಲ.

ಅಲ್ಲಿಂದ ಹೊರಗೆ ಬರುವಾಗ ಅಜ್ಜ ನೆನಪಿಸಿದರು, ಬ್ಲೂಮಿಂಗ್ಟನ್ ಸ್ಟಾರ್ ಆಫ್ ಇಂಡಿಯಾನಾದ ಊರು ಅಂತ. ಹೌದಾ ಅಂದೆ. ಅಷ್ಟೇ.

2014ರಲ್ಲಿ ಬ್ಲೂ ಡೆವಿಲ್ಸ್ 99.650 ತೆಗೆದರು. ಡಿಸಿಐ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಬಂದಿಲ್ಲ. ಕೇಳಿದವರು ಇವತ್ತಿಗೂ ಕೊಂಡಾಡುತ್ತಾರೆ, ಕೊಂಡಾಡಲಿ. ಇಂಡಿಯಾನಾಪೊಲಿಸಿನ ಆ ರಾತ್ರಿಯಿಂದ ನಾನು ಹೊತ್ತು ತಂದದ್ದು ಎರಡನೆಯವರನ್ನು. ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಬ್ಲೂಕೋಟ್ಸ್, ಪ್ರದರ್ಶನದ ಹೆಸರು 'ಟಿಲ್ಟ್', ಅಂದರೆ ವಾಲುವುದು. ಎಲ್ಲವೂ ವಾಲಿತ್ತು. ಕೊನೆಗೆ ಹಿತ್ತಾಳೆಯ ಪಡೆ ಒಂದು ದೊಡ್ಡ ಸ್ವರಮೇಳ ಹಿಡಿದು ನಿಂತಿತು, ಅದು ಮುಗಿಯುವ ಬದಲು ಜಾರಿತು. ಇಡೀ ಕಟ್ಟಡವೇ ಒಂದು ಕಡೆ ಕುಸಿದ ಹಾಗೆ ಶ್ರುತಿ ಇಳಿದು, ಮತ್ತೆ ಏರಿ ಬಂತು. ಎಲೆಕ್ಟ್ರಾನಿಕ್ಸಿನ ಕೈವಾಡವೂ ಇತ್ತು, ಗೊತ್ತು. ಸುತ್ತಲಿನವರು ಹೋ ಅಂತ ತಲೆ ಮೇಲೆ ಕೈಹೊತ್ತರು. ನನಗೆ ಬೇರೆಯೇ ಒಂದು ಆಯಿತು. ಹದಿನಾರು ವರ್ಷದಿಂದ ಈ ಸಂಗೀತ ಕೇಳುತ್ತಿದ್ದೆ, ಮೆಟ್ಟಿಲು ಮೆಟ್ಟಿಲಾಗಿ ನಿಂತ ಸ್ವರಗಳು. ಮೊದಲ ಸಲ ಎರಡು ಮೆಟ್ಟಿಲಿನ ನಡುವಿನ ಜಾಗ ಕೇಳಿಸಿತು. ಜಾರು! ನಮ್ಮ ಪಾಠದ ಮೇಷ್ಟ್ರು ಸಾವೇರಿ ಹೇಳಿಕೊಡುವಾಗ ರಿಷಭವನ್ನು ನಿಲ್ಲಿಸಬೇಡ, ಅಲ್ಲಾಡಿಸು ಅಂತ ತೊಡೆಗೆ ತಟ್ಟುತ್ತಿದ್ದರಲ್ಲ, ಅದು. ಹತ್ತನೇ ಕ್ಲಾಸಿಗೆ ಪಾಠ ಬಿಟ್ಟವಳಿಗೆ ಅಮೆರಿಕದ ಕ್ರೀಡಾಂಗಣದಲ್ಲಿ ಆ ತಟ್ಟಿದ್ದು ನೆನಪಾಯಿತು.

ಊರಿಗೆ ಮರಳಿದ ವಾರವೇ ಅಜ್ಜನ ಗ್ಯಾರೇಜಿಗೆ ಹೋಗಿ, ಆ ಮಿಡಿಯಾ ಹಾಕಿ ಅಂದೆ. ಅವರಿಗೆ ಆಗ ಎಂಬತ್ತು ಹತ್ತಿರ. ಯಾವುದು ಏನು ಅಂತ ಕೇಳಲಿಲ್ಲ, ನೇರ ಆ ಪೆಟ್ಟಿಗೆಗೇ ಕೈಹಾಕಿದರು.

ಈ ಸಲ ಮೌನಗಳು ಕೇಳಿಸಿದವು. ತೊಂಬತ್ತು ಮೀಟರ್ ಅಗಲಕ್ಕೆ ಹರಡಿ ನಿಂತ ಜನ, ಒಬ್ಬರಿಗೊಬ್ಬರು ತಡವಾಗಿ ಕೇಳುವಷ್ಟು ದೂರ, ಪಿಸುಗುಟ್ಟುವಷ್ಟು ಮೆತ್ತಗೆ ಒಟ್ಟಿಗೆ ಶುರುಮಾಡುತ್ತಾರೆ. ಜೋರಾಗಿ ಊದುವಾಗ ಸಣ್ಣಪುಟ್ಟದ್ದು ಮುಚ್ಚಿಹೋಗುತ್ತದೆ, ಮೆತ್ತಗೆ ಊದುವಾಗ ಅಡಗಿಕೊಳ್ಳಲು ಜಾಗವಿಲ್ಲ. ಅದರ ಮೇಲೆ ಓಡುತ್ತಿದ್ದಾರೆ ಬೇರೆ. ಕಚ್ಚುವ ಸ್ವರಗಳೂ ಈಗ ಸುಮ್ಮನೆ ಕಚ್ಚುತ್ತಿರಲಿಲ್ಲ, ಮಿಡಿಯಾಳ ತಲೆಯೊಳಗೆ ನಡೆಯುವುದನ್ನೇ ಹೇಳುತ್ತಿದ್ದವು. ಮುಗಿದ ಮೇಲೆ ಅಜ್ಜ ಫಲಿತಾಂಶ ಹೇಳಿದರು. ಮಿಸ್ಸಿಸ್ಸಿಪ್ಪಿಯ ಜ್ಯಾಕ್ಸನ್, 1993ರ ಫೈನಲ್: ಕೆಡೆಟ್ಸ್ 97.4, ಸ್ಟಾರ್ 97.3. ಒಂದೇ ಒಂದು ಗೀಟು! ಅದಾದ ಮೇಲೆ ಸ್ಟಾರ್ ಸ್ಪರ್ಧೆಯನ್ನೇ ಬಿಟ್ಟಿತು. ಅದರ ಬಳಗವೇ ಮುಂದೆ 'ಬ್ಲಾಸ್ಟ್' ಎಂಬ ರಂಗಪ್ರದರ್ಶನ ಕಟ್ಟಿ, ಬ್ರಾಡ್‌ವೇಗೆ ಹೋಗಿ, 2001ರಲ್ಲಿ ಟೋನಿ ಪ್ರಶಸ್ತಿ ಪಡೆಯಿತು. ಅವತ್ತು ಅಣಕಿಸಿದವರಲ್ಲಿ ಎಷ್ಟೋ ಜನ ಇವತ್ತು ಅದನ್ನೇ ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ನಾನು ಆ ಸಾಲಿಗೆ ಇಪ್ಪತ್ತೊಂದು ವರ್ಷ ತಡವಾಗಿ ಸೇರಿದೆ.

2018ರ ಬಗ್ಗೆ ಹೇಳದಿದ್ದರೆ ಸಾಂತಾ ಕ್ಲಾರಾದವರು ನನ್ನನ್ನು ಕ್ಷಮಿಸುವುದಿಲ್ಲ. ವ್ಯಾನ್‌ಗಾರ್ಡ್ 'ಬ್ಯಾಬಿಲಾನ್' ಇಟ್ಟುಕೊಂಡು ಗೆದ್ದಿತು, 98.625. ಬ್ಲೂ ಡೆವಿಲ್ಸ್ ಜೊತೆ ಹಂಚಿಕೊಂಡ ಮೇಲೆ ಹತ್ತೊಂಬತ್ತು ವರ್ಷ, ಯಾರ ಜೊತೆಯೂ ಹಂಚಿಕೊಳ್ಳದೆ ಗೆದ್ದು ಇಪ್ಪತ್ತೊಂಬತ್ತು. ಎರಡನೆಯ ಸ್ಥಾನದ ಹೆಸರು ಕೂಗಿದಾಗ ಅದು ನಮ್ಮದಲ್ಲ ಅಂತ ಗೊತ್ತಾಗಿ ನಮ್ಮ ಸಾಲು ಪೂರ್ತಿ ಹುಚ್ಚೆದ್ದಿತು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದಕ್ಕೆ ಮೊದಲಿನದು. ಕೋರ್ ಅಭಿಮಾನಿಗಳಿಗೆ ಕ್ರೀಡಾಂಗಣದಷ್ಟೇ ಮುಖ್ಯ ಅದರ ಹೊರಗಿನ ಬಯಲು, 'ಲಾಟ್' ಅಂತಾರೆ. ಬಸ್ಸು ಲಾರಿಗಳ ನಡುವೆ ತಂಡ ಅರ್ಧಚಂದ್ರವಾಗಿ ನಿಂತು ಶ್ರುತಿ ಮಾಡಿಕೊಳ್ಳುತ್ತದೆ, ಜನ ಮೂರು ಅಡಿ ದೂರದಲ್ಲಿ ಮುತ್ತಿಕೊಳ್ಳುತ್ತಾರೆ. ವ್ಯಾನ್‌ಗಾರ್ಡಿನವರು ಅಲ್ಲಿ 'ಸೆಂಡ್ ಇನ್ ದ ಕ್ಲೌನ್ಸ್' ನುಡಿಸುತ್ತಾರೆ, ಅದು ಅವರ ಮನೆಹಾಡು. ಆ ಸಂಜೆ ನನ್ನ ಮುಂದೆ ನಿಂತಿದ್ದ ಟ್ಯೂಬಾದ ಹುಡುಗ ಇಪ್ಪತ್ತೆರಡರವನಿರಬೇಕು. ಕೊನೆಯ ಸಾಲು ತೀರಾ ಮೆತ್ತಗೆ ಬರುತ್ತದೆ. ಅವನ ಗದ್ದ ನಡುಗುತ್ತಿತ್ತು, ಸ್ವರ ನಡುಗಲಿಲ್ಲ. ಆ ದೊಡ್ಡ ಬಾಯಿಂದ ಬರುತ್ತಿದ್ದದ್ದು ಸ್ವರವೋ ಬರೀ ಬಿಸಿ ಉಸಿರೋ ಅನ್ನುವಷ್ಟು ಸಣ್ಣ ಸದ್ದು. ಇಪ್ಪತ್ತು ವರ್ಷ ನಾನು ಇದೇ ಬಯಲುಗಳಲ್ಲಿ ಡ್ರಮ್ಮಿನ ಪಕ್ಕ ನಿಲ್ಲಲು ಮೊಣಕೈ ಹಾಕಿ ನುಗ್ಗಿದವಳು. ಅವತ್ತು ಡ್ರಮ್ಮು ಎಲ್ಲಿದೆ ಅಂತ ಹುಡುಕಲೂ ಇಲ್ಲ.

ಹೊಗಳುತ್ತಲೇ ಹೋದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಒಂದು ಬೇಸಿಗೆ ಸೇರಲು ಮಕ್ಕಳು ಹಲವು ಸಾವಿರ ಡಾಲರ್ ಕಟ್ಟಬೇಕು; ಪ್ರತಿಭೆಯಿದ್ದೂ ಮನೆಯಲ್ಲೇ ಉಳಿದವರ ಲೆಕ್ಕ ಯಾವ ಅಂಕಪಟ್ಟಿಯಲ್ಲೂ ಇಲ್ಲ. 1993ರಲ್ಲಿ ಸ್ಟಾರನ್ನು ಸೋಲಿಸಿದ ಕೆಡೆಟ್ಸ್ 1934ರಲ್ಲಿ ಹುಟ್ಟಿದ ತಂಡ, ಹತ್ತು ಸಲ ಗೆದ್ದದ್ದು. ಎಂಬತ್ತರ ದಶಕದ ಲೈಂಗಿಕ ದೌರ್ಜನ್ಯದ ಆರೋಪವೊಂದರ ಮೊಕದ್ದಮೆಯ ಖರ್ಚು ಹೊರಲಾರೆವೆಂದು 2024ರಲ್ಲಿ ಅದು ಬಾಗಿಲು ಹಾಕಿತು. ತೊಂಬತ್ತು ವರ್ಷದ ತಂಡ ಹೋಯಿತು ಅಂತ ಅಳುವವರನ್ನು ಕಂಡೆ. ನನಗೆ ಅಳು ಬರಲಿಲ್ಲ. ಅಲ್ಲಿ ನೊಂದವರು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇದ್ದರಲ್ಲ, ನಾವು ಚಪ್ಪಾಳೆ ಹೊಡೆಯುತ್ತಿದ್ದಾಗ.

ನಮ್ಮ ವ್ಯಾನ್‌ಗಾರ್ಡ್ ಕೂಡ ಹಣದ ಮುಗ್ಗಟ್ಟಿನಿಂದ 2023ರ ಬೇಸಿಗೆ ಸ್ಪರ್ಧೆಗೆ ಇಳಿಯಲಿಲ್ಲ. ಆ ಜೂನ್ ಸಂಜೆಗಳಲ್ಲಿ ನಾನು ಅಡುಗೆಮನೆಯ ಕಿಟಕಿ ತೆರೆದಿಟ್ಟರೆ ಬರುತ್ತಿದ್ದದ್ದು ಹೆದ್ದಾರಿಯ ಸದ್ದು. ಅಜ್ಜ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಪೆಟ್ಟಿಗೆಗಳನ್ನು ಅವರ ಮಗಳು ನನಗೇ ಕೊಟ್ಟಳು.

2024ರಲ್ಲಿ ನಾವು ಊರಿಗೆ ಬಂದೆವು, ಅದೇ ವರ್ಷ ವ್ಯಾನ್‌ಗಾರ್ಡ್ ಮತ್ತೆ ಮೈದಾನಕ್ಕೆ ಬಂತು. ಅಲ್ಲಿಯ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಗ್ಗೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಜಗಲಿಯಲ್ಲಿ ಕೂತೆ. ಆಗಸ್ಟ್ ತಿಂಗಳು, ನಮ್ಮೂರು, ಹೇಳಬೇಕೇ? ಆಕಾಶ ಹರಿದ ಹಾಗೆ ಮಳೆ. ಇವರು ಮೈದಾನಕ್ಕೆ ಬಂದು ನಿಂತರು, ಡ್ರಮ್ ಮೇಜರ್ ಕೈ ಎತ್ತಿದ, ಕರೆಂಟು ಹೋಯಿತು. ವೈಫೈ ಸತ್ತಿತು. ಪರದೆಯ ಮೇಲೆ ಎತ್ತಿದ ಕೈ ಹಾಗೇ ನಿಂತಿತ್ತು. ಹಂಚಿನ ಮೇಲೆ ಮಳೆ ಬೀಳುವುದನ್ನು ಹನ್ನೆರಡು ನಿಮಿಷ ಕೇಳಿದೆ, ಆಮೇಲೆ ಎದ್ದು ದೋಸೆ ಹುಯ್ದೆ.

ಸರಿ, ಮಾತು ಜಾಸ್ತಿಯಾಯಿತು. ಸ್ಟಾರ್ ತಂಡದ ಆ 1993ರ ಕ್ಯಾಸೆಟ್ಟಿನಿಂದ ನಡುವಿನದೊಂದು ತುಣುಕು ಹಾಕುತ್ತೇನೆ, ಮೂರು ನಿಮಿಷ. ಹಳೆಯ ಟೇಪು, ಸ್ವಲ್ಪ ಕರಕರ ಇದೆ. ಆ ಮೂಲೆಯ ಫ್ಯಾನ್ ಆರಿಸುತ್ತೀರಾ? ಈ ಕಡೆಯದ್ದೂ. ಸೆಕೆ ಆಗುತ್ತದೆ, ಮೂರೇ ನಿಮಿಷ ತಡೆದುಕೊಳ್ಳಿ. ಶುರುವಾಯಿತೋ ಇಲ್ಲವೋ ಅಂತ ನನ್ನ ಮುಖ ನೋಡಬೇಡಿ. ಶುರುವಾಗಿರುತ್ತದೆ.